ಮೂವತ್ತೈದು ಮಿಲಿ ತಗ್ಗಿದ ಕಾರು

ನಮ್ಮ ಚಿಕ್ಕಪ್ಪನಿಗೆ ದೇವರ ಮೇಲೆ ನಂಬಿಕೆ ಇದೆ. ಆದರೆ ನಾಳೆ ಆ ದೇವರೇ ಅವಲಪಲ್ಲಿಯ ಅವರ ಮನೆ ಬಾಗಿಲಿಗೆ ಬಂದು ಪ್ರತ್ಯಕ್ಷನಾದನೆನ್ನಿ, ಚಿಕ್ಕಪ್ಪ ಮೊದಲು ಜೇಬಿನಿಂದ ವರ್ನಿಯರ್ ಕ್ಯಾಲಿಪರ್ ತೆಗೆಯುತ್ತಾರೆ. ಕಿರೀಟದ ದಪ್ಪ ಅಳೆಯುತ್ತಾರೆ. "ಎಡಗಡೆ ಅರ್ಧ ಮಿಲಿ ಜಾಸ್ತಿ ಐತಲ್ಲಾ ಸ್ವಾಮಿ" ಎಂದು ಹೇಳಿದ ಮೇಲೆಯೇ ಕೈ ಮುಗಿಯುವುದು!

ಅವರ ಉದ್ಯೋಗವೇ ಅದು. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ, ಬೇರೆಯವರು ಮಾಡಿದ್ದನ್ನು ಅಳೆದು "ಇದು ಆಗಲ್ಲ" ಎಂದು ಪಕ್ಕಕ್ಕೆ ಎತ್ತಿ ಹಾಕುತ್ತಾ ಬಂದಿದ್ದಾರೆ. ಇದಕ್ಕೆ ಸಂಬಳ ಬೇರೆ ಕೊಡುತ್ತಾರಂತೆ! ನಮ್ಮ ನೆಂಟರಲ್ಲಿ ಬಹಳ ಮಂದಿ ಈ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತಿದ್ದಾರೆ. ಕಾರ್ಖಾನೆಯಿಂದ ಮನೆಗೆ ಬಂದ ಮೇಲಾದರೂ ಕ್ಯಾಲಿಪರ್ ಸುಮ್ಮನಿರುತ್ತದೆಯೇ? ಇಲ್ಲ. ದೋಸೆಯ ದಪ್ಪ, ಚಪ್ಪಲಿಯ ಸವೆತ, ಬಾಗಿಲ ಸಂದಿ ಎಲ್ಲಕ್ಕೂ ಅಳತೆ ಆಗಬೇಕು. ಒಂದು ದಿನ ಮುದ್ದೆಯನ್ನು ಅಳೆಯಲು ಹೋದಾಗ ಚಿಕ್ಕಮ್ಮ ಸೌಟು ತೋರಿಸಿ, "ಮುದ್ದೆ ಗುಂಡಗಿಲ್ಲ ಅಂದ್ರೆ ನಾಳೆಯಿಂದ ನೀವೇ ಕಟ್ಕಳಿ" ಎಂದಿದ್ದರು. ಅವತ್ತಿನಿಂದ ಮುದ್ದೆಗೆ ಮಾತ್ರ ವಿನಾಯಿತಿ ಸಿಕ್ಕಿದೆ.

ಚಿಕ್ಕಮ್ಮನ ತವರು ಅಂಚೆಟ್ಟಿಯಿಂದ ಇನ್ನೂ ಆಚೆ, ಕಾಡಿನ ನಡುವಿನ ಒಂದು ಹಟ್ಟಿ. ಗಟ್ಟಿಗಿತ್ತಿ. ಹುಡುಗಿಯಾಗಿದ್ದಾಗ ಕಾಲುದಾರಿಯಲ್ಲಿ ಹುಲ್ಲುಹೊರೆ ಹೊತ್ತು ಗುಡ್ಡ ಹತ್ತಿ ಇಳಿದವರು. ಆನೆಗೂ ಹೆದರದ ಇವರು ಹೆದರುವುದು ಒಂದಕ್ಕೇ, ಡೆಂಕಣಿಕೋಟೆ ದಾಟಿದ ಮೇಲೆ ಸಿಗುವ ಘಾಟಿಯ ತಿರುವುಗಳಿಗೆ. ಬಸ್ಸಾಗಲಿ ಕಾರಾಗಲಿ, ಎರಡನೆಯ ತಿರುವಿಗೆ ಕಣ್ಣು ಮುಚ್ಚುತ್ತಾರೆ, ಮೂರನೆಯದಕ್ಕೆ ನಿಂಬೆಹಣ್ಣು ಮೂಗಿಗೆ ಬರುತ್ತದೆ, ಐದನೆಯದಕ್ಕೆ ಗಾಡಿ ನಿಲ್ಲಿಸಬೇಕು. ಆಮೇಲಿನದನ್ನು ಹೇಳುವುದು ಬೇಡ, ನೀವು ಊಟ ಮಾಡಿ ಕೂತಿರಬಹುದು.

ಅವರ ಅಣ್ಣನ ಮನೆಯಲ್ಲಿ ಒಂದು ಪದ್ಧತಿ ಇದೆ. ಮದುವೆ ಹೆಣ್ಣಿಗೆ ಮೊದಲ ಅರಿಶಿನ ಹಚ್ಚಬೇಕಾದವಳು ಸೋದರತ್ತೆ. ಅಣ್ಣನ ದೊಡ್ಡ ಮಗಳ ಮದುವೆಗೆ ಚಿಕ್ಕಮ್ಮ ಹೋದವರು, ಘಾಟಿಯ ಹೊಡೆತಕ್ಕೆ ಸುಸ್ತಾಗಿ ಚಾಪೆಯ ಮೇಲೆ ಬಿದ್ದುಕೊಂಡರು. ಅರಿಶಿನದ ಬಟ್ಟಲು ಇನ್ನೊಬ್ಬರ ಕೈಗೆ ಹೋಯಿತು. ಈಗ ಚಿಕ್ಕ ಮಗಳ ಮದುವೆ ಮೂರು ತಿಂಗಳಿಗೆ ಗೊತ್ತಾಗಿತ್ತು. ಸುದ್ದಿ ಹೇಳಲು ಬಂದ ಅಣ್ಣನಿಗೆ ಚಿಕ್ಕಮ್ಮ ಕಾಫಿ ಕೊಟ್ಟು, "ನಾ ಬರಲ್ಲ ಅಣ್ಣ. ಬಂದು ಮತ್ತೆ ಚಾಪೆ ಮ್ಯಾಲೆ ಬಿದ್ಕೊಳಕ್ಕೆ ನಂಗೆ ನಾಚ್ಕೆ ಆಯ್ತದೆ" ಎಂದುಬಿಟ್ಟರು. ಅವನು ಹೋದ ಮೇಲೆ ಅಡುಗೆಮನೆಗೆ ಹೋಗಿ ತುಂಬ ಹೊತ್ತು ಪಾತ್ರೆ ತೊಳೆದರು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದೆ.

ಇಂಥ ಹೊತ್ತಿನಲ್ಲಿ ಗಂಡನಾದವನು ಏನು ಮಾಡಬೇಕು? ಎರಡು ಸಮಾಧಾನದ ಮಾತು ಆಡಬೇಕು. ನಮ್ಮ ಚಿಕ್ಕಪ್ಪ ಏನು ಮಾಡಿದರು ಗೊತ್ತೇ? ಮರುದಿನ ಬೆಳಿಗ್ಗೆ ಪಕ್ಕದ ಬೀದಿಯಲ್ಲಿದ್ದ ನನ್ನನ್ನು ಕೂಗಿ ಕರೆದರು.

"ಲೇ ಮೇಷ್ಟ್ರೇ, ಬಾರ್ಲಾ ಇಲ್ಲಿ. ಕಾರು ಇಳಿಸ್ತಾ ಇವ್ನಿ."

"ಎಲ್ಲಿಗೆ ಚಿಕ್ಕಪ್ಪ?"

"ಎಲ್ಲಿಗೂ ಅಲ್ಲ ಕಣ್ಲಾ, ಕೆಳಕ್ಕೆ!"

ಕಾರೆಂದರೆ ಎಂಟು ವರ್ಷ ಹಳೆಯ, ಬಿಳಿಯ ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್. ಮುಂದೆ ಮೂತಿ ಇದೆ, ಹಿಂದೆ ಬಾಲವಿಲ್ಲ. ಅದರ ನಾಲ್ಕು ಸ್ಪ್ರಿಂಗು, ನಾಲ್ಕು ಶಾಕ್ ಅಬ್ಸಾರ್ಬರುಗಳನ್ನು ಬಿಚ್ಚಿ, ಗಿಡ್ಡನೆಯ ಗಟ್ಟಿ ಸ್ಪೋರ್ಟ್ ಸಸ್ಪೆನ್ಷನ್ ಹಾಕಿಸಿ, ಕಾರನ್ನು ನೆಲಕ್ಕೆ ಮೂವತ್ತೈದು ಮಿಲಿಮೀಟರು ಹತ್ತಿರ ತರುತ್ತಾರಂತೆ! ಇದು ಇಪ್ಪತ್ತು ವರ್ಷದ ಹುಡುಗರು ತಲೆಗೂದಲಿಗೆ ಬಣ್ಣ ಬಳಿದುಕೊಂಡು ಮಾಡಿಸುವ ಕೆಲಸ. ಐವತ್ತಮೂರು ವರ್ಷದ, ಮೀಸೆಗೆ ಬಣ್ಣ ಬಳಿಯುವವರು ಮಾಡಿಸುವುದಲ್ಲ. ಅದೂ ನಮ್ಮ ಕಡೆಯ ರಸ್ತೆಗಳಲ್ಲಿ! ಇಲ್ಲಿ ಟ್ರ್ಯಾಕ್ಟರೇ ಹಿಂದೆ ಮುಂದೆ ಯೋಚಿಸಿ ಹಳ್ಳಕ್ಕೆ ಇಳಿಯುತ್ತದೆ.

ನನಗೆ ಸ್ವಂತ ಕಾರಿಲ್ಲ. ಆದ್ದರಿಂದ ಕಾರುಗಳ ಬಗ್ಗೆ ನನಗೆ ಬಹಳ ಅಭಿಪ್ರಾಯಗಳಿವೆ. "ಚಿಕ್ಕಪ್ಪ, ಮನೇಲಿ ಚಿಕ್ಕಮ್ಮ ತವರಿಗೆ ಹೋಗೋಕಾಗದೆ ಅಳ್ತಾ ಇದ್ದಾರೆ. ನಿಮಗೆ ಈಗ ಶೋಕಿ ಬೇಕಿತ್ತಾ?" ಎಂದು ಕೇಳಿಯೇಬಿಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿ, "ನಿಂಗೆ ಸ್ಪ್ರಿಂಗ್ ವಿಷ್ಯ ಏನ್ ಗೊತ್ತು, ಸುಮ್ಕಿರ್ಲಾ" ಎಂದರು.

ಸ್ಪ್ರಿಂಗು ಆರಿಸುವುದಕ್ಕೆ ಒಂದು ತಿಂಗಳು ಹಿಡಿಯಿತು. ಫೋನಿನಲ್ಲಿ ತಮಿಳು ವಿಡಿಯೊ, ಹಿಂದಿ ವಿಡಿಯೊ, ಕೊನೆಗೆ ಯಾವ ಭಾಷೆಯೆಂದು ಇಬ್ಬರಿಗೂ ತಿಳಿಯದ ಒಂದು ವಿಡಿಯೊ. ಇರುವ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿ ಹಾಕುವವರಿದ್ದಾರೆ. ಅದನ್ನು ನೋಡಿ ಚಿಕ್ಕಪ್ಪ, ಯಾರೋ ಹಸುವಿನ ಕಾಲು ಕತ್ತರಿಸಿದಷ್ಟು ನೊಂದುಕೊಂಡರು. ಸ್ಪ್ರಿಂಗು ಮಾತ್ರ ಬದಲಾಯಿಸಿ ಹಳೆಯ ಶಾಕ್ ಅಬ್ಸಾರ್ಬರ್ ಉಳಿಸಿಕೊಳ್ಳುವುದು ಇನ್ನೊಂದು ದಾರಿ. "ಹೊಸ ಎತ್ತಿನ ಜತೆ ಮುದಿ ಎತ್ತು ಕಟ್ತಾರೇನ್ಲಾ?" ಎಂದು ಅದೂ ರದ್ದಾಯಿತು. ಕೊನೆಗೆ ಇಡೀ ಸೆಟ್ಟೇ ಆಗಬೇಕೆಂದು ತೀರ್ಮಾನವಾಯಿತು.

ಚಿಕ್ಕಮ್ಮ ಸೊಪ್ಪು ಬಿಡಿಸುತ್ತಾ ನನ್ನ ಕಡೆ ತಿರುಗಿ ಹೇಳಿದರು, "ನನ್ನ ನೋಡಕ್ಕೆ ಬಂದಾಗ ಕಾಫಿ ಆರೋದ್ರೊಳ್ಗೆ ಒಪ್ಕೊಂಡ್ಬುಟ್ರು ಕಣಪ್ಪ. ಈ ಕಬ್ಬಿಣದ ಸುರುಳಿಗೆ ಒಂದು ತಿಂಗ್ಳು ನೋಡು!"

"ಅವತ್ತು ಕ್ಯಾಲಿಪರ್ ಮನೇಲೇ ಮರ್ತೋಗಿದ್ದೆ" ಎಂದರು ಚಿಕ್ಕಪ್ಪ, ಫೋನಿನಿಂದ ತಲೆ ಎತ್ತದೆ. ಸೊಪ್ಪಿನ ದಂಟೊಂದು ಹಾರಿ ಬಂದು ಅವರ ಮೀಸೆಗೆ ತಗುಲಿತು.

ಕೊಯಮತ್ತೂರಿನಿಂದ ಪಾರ್ಸೆಲ್ ಬಂತು. ಬಿಚ್ಚಿದರೆ ನಾಲ್ಕು ಕೆಂಪು ಸ್ಪ್ರಿಂಗು, ಹೊಸ ಮದುಮಗಳ ಬಳೆಗಳ ಹಾಗೆ ಮಿಣಮಿಣ ಹೊಳೆಯುತ್ತಿದ್ದವು. ಅವಕ್ಕೆ ದೇವರ ಮುಂದೆ ಒಂದು ರಾತ್ರಿ ವಾಸ್ತವ್ಯ, ಕುಂಕುಮ, ಮಲ್ಲಿಗೆ ಹೂವು. ಮರುದಿನ ನಮ್ಮಿಬ್ಬರ ಸವಾರಿ ಮೆಕ್ಯಾನಿಕ್ ಶೆಡ್ಡಿಗೆ ಹೊರಟಿತು.

ಮೆಕ್ಯಾನಿಕ್ ಬಗ್ಗೆ ಒಂದು ಮಾತು ಹೇಳಬೇಕು. ಹೊಸೂರಿನವನೆಂದರೆ ಅವನೇ. ಸ್ಪ್ಯಾನರ್ ಕೇಳುವುದು ತಮಿಳಿನಲ್ಲಿ, ಬೋಲ್ಟನ್ನು ಬೈಯುವುದು ತೆಲುಗಿನಲ್ಲಿ, ಗಿರಾಕಿಯನ್ನು ನೋಡಿ ಅಯ್ಯೋ ಪಾಪ ಅನ್ನುವುದು ಕನ್ನಡದಲ್ಲಿ. ಸ್ಪ್ರಿಂಗುಗಳನ್ನು ನೋಡಿ, "ವೇಂಡಾ ಅಣ್ಣೇ, ನಮ್ಮ ರೋಡುಕ್ಕು ಇದು ಸೆಟ್ ಆಗಾದು" ಎಂದು ತಮಿಳಿನಲ್ಲೇ ಬೇಡವೆಂದ. ಚಿಕ್ಕಪ್ಪ ಕೇಳಲಿಲ್ಲ. ಆಗ ಅವನು ಕನ್ನಡಕ್ಕೆ ಬಂದ. "ಅಯ್ಯೋ ಪಾಪ ಅಣ್ಣ, ಕಾರು ಆಮೇಲೆ ಕಲ್ಲಂಗೆ ಕುಕ್ತದೆ. ಸೊಂಟ ಹೋಯ್ತದೆ."

"ಕುಕ್ಕಲಿ. ತಿರುವಲ್ಲಿ ವಾಲ್ತದಾ, ವಾಲಲ್ವಾ? ಅದ್ನ ಹೇಳಪ್ಪ."

"ವಾಲಲ್ಲ. ನೆಲ ಕಚ್ಕೊಂಡು ಓಡ್ತದೆ."

"ಅಷ್ಟು ಸಾಕು. ಬಿಚ್ಚು."

ರೇಸಿಗೆ ಹೋಗುತ್ತಾರೇನಪ್ಪಾ ಈ ವಯಸ್ಸಿನಲ್ಲಿ ಎಂದು ನಾನು ತಲೆ ಚಚ್ಚಿಕೊಂಡೆ. ಸಂಜೆಯ ಹೊತ್ತಿಗೆ ಫಿಟಿಂಗ್ ಮುಗಿಯಿತು. ಚಿಕ್ಕಪ್ಪ ಕ್ಯಾಲಿಪರ್, ಸ್ಕೇಲು, ದಾರ ಎಲ್ಲ ತೆಗೆದು ನಾಲ್ಕೂ ಚಕ್ರದ ಮೇಲಿನ ಸಂದಿ ಅಳೆದರು. ಹಿಂದಿನ ಎಡಗಡೆ ಎರಡು ಮಿಲಿ ವ್ಯತ್ಯಾಸ! ಮೆಕ್ಯಾನಿಕ್ ಮೊದಲು ತೆಲುಗಿನಲ್ಲಿ ಏನೋ ಗೊಣಗಿ, ಆಮೇಲೆ, "ಅಣ್ಣ, ಕಾರು ಸರ್ಯಾಗೇ ಐತೆ, ನನ್ನ ಶೆಡ್ಡಿನ ನೆಲಾನೇ ಸಮ ಇಲ್ಲ" ಎಂದು ಕೈ ಮುಗಿದ. ಬೇರೆ ಯಾರಾದರೂ ಆಗಿದ್ದರೆ ನಕ್ಕು ಮನೆಗೆ ಹೋಗುತ್ತಿದ್ದರು. ಚಿಕ್ಕಪ್ಪ ಮರುದಿನ ಅರ್ಧ ಮೂಟೆ ಸಿಮೆಂಟು ತಂದು ಅವನ ನೆಲ ಸಮ ಮಾಡಿಸಿ, ಅದು ಒಣಗುವವರೆಗೆ ಕಾದು, ಮತ್ತೆ ಅಳೆದರು! ಆ ಎಡಗಡೆಯ ಹಿಂಭಾಗದ ಮೇಲೆ ಅಷ್ಟೊಂದು ಮೋಹವೇಕೋ ಆಗ ನನಗೆ ತಿಳಿಯಲಿಲ್ಲ.

ಬಿಚ್ಚಿದ ಹಳೆಯ ಸ್ಪ್ರಿಂಗುಗಳನ್ನು ಚಿಕ್ಕಮ್ಮ ಬಿಡುತ್ತಾರೆಯೇ? ನೀರಿನ ಕೊಡ ಇಡಲು ಸಿಂಬೆಯಾಗಿ ಇಟ್ಟುಕೊಂಡರು. ಅಂದಿನಿಂದ ಆ ಮನೆಯಲ್ಲಿ ನೀರಿಗೆಂದು ಹೋಗಿ ಕೊಡ ಮುಟ್ಟಿದರೆ ಕೊಡವೇ ಮೊದಲು ತಲೆದೂಗಿ ನಮಸ್ಕಾರ ಹೇಳುತ್ತದೆ.

ಇನ್ನು ಪೂಜೆ. ಹೊಸದೇನು ಬಂದರೂ ಗಾಡಿಗೆ ಪೂಜೆ ಆಗಬೇಕಲ್ಲ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟು, ಕುಂಕುಮ ತುಂಬಿದ ಬೂದುಗುಂಬಳವನ್ನು ಕಾರಿನ ಮುಂದೆ ಒಡೆದಾಯಿತು. ಎಲ್ಲರ ಕಾರೂ ಅದನ್ನು ದಾಟಿಕೊಂಡು ಹೋಗುತ್ತದೆ. ನಮ್ಮ ಕಾರು ದಾಟಲಿಲ್ಲ. ಮುಂದಿನ ಬಂಪರು ಕುಂಬಳದ ಹೋಳುಗಳನ್ನು ಹಾಗೇ ಗುಡಿಸಿಕೊಂಡು ಬೀದಿಯ ಕೊನೆಯವರೆಗೆ ತಳ್ಳಿತು. ತೆಗೆದ ದೃಷ್ಟಿಯೆಲ್ಲ ನಮ್ಮ ಜೊತೆಯಲ್ಲೇ ಬರುತ್ತಿದೆಯಲ್ಲಾ ಎಂದು ನಾನು ಹಿಂದಿನಿಂದ ಕೂಗಿದೆ. ಬೀದಿ ಮಾತ್ರ ಬಹಳ ಚೊಕ್ಕಟವಾಗಿತ್ತು.

ಚಿಕ್ಕಮ್ಮನ ಕೋಳಿಯ ದುಃಖ ಬೇರೆ. ಅದು ಎರಡು ವರ್ಷದಿಂದ ಮರಿಗಳನ್ನು ಕರೆದುಕೊಂಡು ಮಧ್ಯಾಹ್ನದ ಬಿಸಿಲಿಗೆ ಕಾರಿನ ಕೆಳಗೆ ಮಲಗುತ್ತಿತ್ತು. ಈಗ ನುಗ್ಗಲು ಹೋಗಿ ತಲೆ ತಾಗಿಸಿಕೊಂಡು, ಸಿಟ್ಟಿಗೆದ್ದು, ಕಾರು ತೊಳೆಯಲು ಕೂತ ಚಿಕ್ಕಪ್ಪನ ಹಿಮ್ಮಡಿಯನ್ನೇ ಕುಕ್ಕಿತು. ಅಳತೆ ಬದಲಾಯಿಸುವ ಮುಂಚೆ ಒಂದು ಮಾತು ಕೇಳಬೇಡವೇ, ಎಂಬಂತೆ!

ಆದರೆ ನಿಜವಾದ ಕಷ್ಟ ಮನುಷ್ಯರಿಗೆ. ನಮ್ಮ ಕಡೆ ಪ್ರತಿ ಊರಿನ ಮುಂದೂ ಒಂದು ಹಂಪು ಇರುತ್ತದೆ, ಕೆಲವು ಊರುಗಳಲ್ಲಿ ಮನೆಗೊಂದು ಇರುತ್ತದೆ. ಹಂಪು ಬಂತೆಂದರೆ ಚಿಕ್ಕಪ್ಪ ಕಾರು ನಿಲ್ಲಿಸಿ, "ಇಳೀರಿ, ಇಳೀರಿ" ಎನ್ನುತ್ತಾರೆ. ನಾವೆಲ್ಲ ಇಳಿಯಬೇಕು. ಭಾರ ಕಡಿಮೆಯಾದ ಕಾರು ಓರೆಯಾಗಿ, ಬಸುರಿ ಹೆಂಗಸು ಹೊಸ್ತಿಲು ದಾಟಿದಷ್ಟು ಜೋಪಾನವಾಗಿ ಹಂಪು ದಾಟುತ್ತದೆ. ನಾವು ಹಿಂದೆ ನಡೆದು ಹೋಗಿ ಮತ್ತೆ ಹತ್ತಬೇಕು. ಒಮ್ಮೆ ಜೊತೆಯಲ್ಲಿ ತಳಿ ಊರಿಗೆ ಹೋಗಿ ಬಂದ ನಮ್ಮಪ್ಪ, "ನಾವು ಕಾರಲ್ಲಿ ಹೋಗಿದ್ವಾ, ಇಲ್ಲಾ ಕಾರನ್ನ ಮೇಯ್ಸಕ್ಕೆ ಹೊಡ್ಕೊಂಡು ಹೋಗಿದ್ವಾ?" ಎಂದು ಕೇಳಿದರು.

ಇದರ ಮೇಲೆ ಚೊಂಬಿನ ಕಾಟ ಶುರುವಾಯಿತು. ಭಾನುವಾರ ಭಾನುವಾರ ಚಿಕ್ಕಪ್ಪ ಹಿಂದಿನ ಸೀಟಿನ ಮೇಲೆ ಒಂದು ಹಿತ್ತಾಳೆ ಚೊಂಬಿನ ತುಂಬ, ಕಂಠದವರೆಗೆ, ನೀರಿಟ್ಟುಕೊಂಡು ಹೊರಡುವುದು. ಜವಳಗಿರಿ ಕಾಡಿನ ತಿರುವುಗಳಲ್ಲಿ ಓಡಿಸುವುದು. ನಿಲ್ಲಿಸಿ, ಎಷ್ಟು ನೀರು ಚೆಲ್ಲಿದೆಯೆಂದು ಸ್ಕೇಲಿಟ್ಟು ಅಳೆದು, ಒಂದು ಹಳೆಯ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುವುದು. ಮತ್ತೆ ತುಂಬಿಸುವುದು, ಮತ್ತೆ ಓಡಿಸುವುದು. ಸೀಟಂತೂ ಸದಾ ಒದ್ದೆ. ಒಂದು ಸೋಮವಾರ ಅವಸರದಲ್ಲಿ ಆ ಕಾರಿನಲ್ಲಿ ಸ್ಕೂಲಿಗೆ ಹೋಗಿ ಇಳಿದ ನಾನು, ಇಡೀ ಪ್ರಾರ್ಥನೆ ಮುಗಿಯುವವರೆಗೂ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕಾಯಿತು.

ಒಂದು ಭಾನುವಾರ ನಾನೂ ಜೊತೆಗಿದ್ದೆ. ಕಾಡಿನ ಕಾವಲುಗಾರ ಕಾರನ್ನು ತಡೆದ. ಆನೆ ಹಿಂಡು ರಸ್ತೆ ದಾಟುವ ಹೊತ್ತಂತೆ. ಅವನು ಕಾರನ್ನು ಸುತ್ತು ಹಾಕಿ ನೋಡಿದ, ಬಗ್ಗಿ ನೋಡಿದ, ಒಳಗಿನ ಚೊಂಬನ್ನೂ ನೋಡಿದ.

"ಸ್ವಾಮಿ, ಇಷ್ಟ್ ಕೆಳಗೈತಲ್ಲ, ಆನೆ ಬಂದ್ರೆ ಏನ್ ಮಾಡ್ತೀರಿ?"

"ಏನ್ ಮಾಡದು?"

"ಏನೂ ಮಾಡದು ಬ್ಯಾಡ. ಅದೇ ಹಂಗೇ ಮ್ಯಾಲಿಂದ ದಾಟ್ಕೊಂಡು ಹೋಗ್ಬುಡ್ತದೆ. ಆ ಚೊಂಬು ಯಾಕೆ, ಅದ್ಕೆ ಕುಡಿಯಕ್ಕಾ?"

ನಾನು ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆ. ಚಿಕ್ಕಪ್ಪ ನಗಲಿಲ್ಲ. ನೀರು ಅಳೆದು ಬರೆದುಕೊಳ್ಳುತ್ತಿದ್ದರು.

ಮದುವೆಗೆ ಎರಡು ದಿನ ಉಳಿದಾಗ ಚಿಕ್ಕಪ್ಪ ಊಟಕ್ಕೆ ಕೂತು, ಮುದ್ದೆ ಮುರಿಯುತ್ತಾ, ಯಾರಿಗೋ ಹೇಳುವ ಹಾಗೆ ಹೇಳಿದರು, "ನಾಳಿದ್ದು ಹೊರಡಾಣ. ಮೂರ್ನೇ ತಿರುವಿಗೆ ಆಗ್ಲಿಲ್ಲ ಅಂದ್ರೆ ವಾಪಸ್ ಕರ್ಕೊಂಡ್ ಬತ್ತೀನಿ. ಒಂದ್ ಮಾತೂ ಆಡಲ್ಲ."

ಚಿಕ್ಕಮ್ಮ ತಟ್ಟನೆ, "ನನ್ನ ಮಾನ ಕಳೀಬ್ಯಾಡಿ" ಎಂದರು. ಆಮೇಲೆ ಅವರ ತಟ್ಟೆಗೆ ಸಾರು ಬಿಡುತ್ತಾ, "ಎಷ್ಟ್ ನಿಂಬೆಹಣ್ಣು ಇಟ್ಕಳ್ಳಿ?" ಎಂದು ಕೇಳಿದರು.

ಹೊರಟೆವು. ಮುಂದೆ ಚಿಕ್ಕಪ್ಪ, ಪಕ್ಕದಲ್ಲಿ ಸೀರೆಯ ಗಂಟು, ಹಣ್ಣಿನ ಬುಟ್ಟಿ. ಹಿಂದೆ ಎಡಗಡೆ ಚಿಕ್ಕಮ್ಮ, ಯಾವಾಗಲೂ ಅವರ ಜಾಗ ಅದೇ. ಮಡಿಲಲ್ಲಿ ಆರು ನಿಂಬೆಹಣ್ಣು, ನಾಲ್ಕು ಪ್ಲಾಸ್ಟಿಕ್ ಕವರು. ಬಲಗಡೆ ನಾನು. ಡೆಂಕಣಿಕೋಟೆಯವರೆಗೆ ಹದಿನಾಲ್ಕು ಸಲ ಇಳಿದು ಹತ್ತಿದೆವು. ರೇಷ್ಮೆ ಸೀರೆ ಉಟ್ಟ ಚಿಕ್ಕಮ್ಮ ಪ್ರತಿ ಹಂಪಿನ ಬಳಿಯೂ ಸೆರಗು ಸಿಕ್ಕಿಸಿಕೊಂಡು ಕಾರಿನ ಹಿಂದೆ ನಡೆಯುವುದನ್ನು ಟೀ ಅಂಗಡಿಗಳವರು ಎದ್ದು ನಿಂತು ನೋಡಿದರು. ಕುಳಿಗಳಲ್ಲಿ ಕಾರು ಕುಕ್ಕಿದ ಕುಕ್ಕಿಗೆ ನನ್ನ ಹಲ್ಲುಗಳು ಒಂದನ್ನೊಂದು ಹೊಸದಾಗಿ ಪರಿಚಯ ಮಾಡಿಕೊಂಡವು.

ಘಾಟಿ ಶುರುವಾಗುವ ಮುಂಚೆ ಚಿಕ್ಕಪ್ಪ ಆ ನೋಟ್ ಪುಸ್ತಕವನ್ನು ಹಿಂದಕ್ಕೆ ಚಾಚಿದರು. "ತಗಳ್ಲಾ. ಒಂದೊಂದ್ ತಿರುವಿಗೂ ಬರ್ಕೋ."

"ಏನು ಬರೀಲಿ? ಚೊಂಬೇ ತಂದಿಲ್ವಲ್ಲ!"

ಖಾಲಿ ಹಾಳೆ ಹುಡುಕುತ್ತಾ ನಾನು ಪುಸ್ತಕ ತಿರುವಿದೆ. ಹಿಂದಿನ ಪುಟಗಳೆಲ್ಲ ಚೊಂಬಿನ ಲೆಕ್ಕ. ಪ್ರತಿ ಪುಟದ ಮೇಲೂ ದಪ್ಪ ಅಕ್ಷರದಲ್ಲಿ 'ಹಿಂದಿನ ಸೀಟು, ಎಡಗಡೆ' ಎಂದಿತ್ತು. ಅದಕ್ಕೂ ಹಿಂದೆ ಹೋದರೆ ಚೊಂಬಿಲ್ಲ, ಹಳೆಯ ಶಾಯಿ. 'ಅಂಚೆಟ್ಟಿ, ಹಬ್ಬ. ೨ನೇ ತಿರುವು, ಕಣ್ಣು ಮುಚ್ಚಿದಳು. ೩, ನಿಂಬೆಹಣ್ಣು. ೫, ನಿಲ್ಲಿಸಿದೆ.' ಇನ್ನೊಂದು ಪುಟ. 'ಬಾಡಿಗೆ ಕಾರು. ೩, ನಿಲ್ಲಿಸಿದೆ. ಬಹಳ ಕಷ್ಟ ಪಟ್ಟಳು.' ಇನ್ನೊಂದರಲ್ಲಿ, 'ದೊಡ್ಡ ಹುಡುಗಿ ಮದುವೆ. ೨ಕ್ಕೇ ನಿಲ್ಲಿಸಿದೆ. ಗಾಡಿ ವಾಲುವುದರಿಂದ ಹೀಗೆ. ವಾಲದ ಗಾಡಿ ಬೇಕು.'

ಮೂರು ತಿಂಗಳು ನಾನು ಎಷ್ಟು ನಕ್ಕಿದ್ದೆ! ಚೊಂಬು ಕೂತಿದ್ದದ್ದು ಚಿಕ್ಕಮ್ಮ ಕೂರುವ ಜಾಗದಲ್ಲಿ ಎನ್ನುವುದು ಮೇಷ್ಟ್ರಾದ ನನ್ನ ಬುದ್ಧಿಗೆ ಒಂದು ದಿನವೂ ಹೊಳೆಯಲಿಲ್ಲ. ನನಗೆ ನನ್ನ ಮೇಲೇ ನಾಚಿಕೆಯಾಯಿತು.

ಮೊದಲ ತಿರುವು ಬಂತು. ಕಾರು ನೆಲ ಕಚ್ಚಿಕೊಂಡು ತಿರುಗಿತು. ಎರಡನೆಯದು ಬಂತು. ಚಿಕ್ಕಮ್ಮ ರೂಢಿಯಂತೆ ಕಣ್ಣು ಮುಚ್ಚಿ, ಕವರು ಕೈಗೆ ತೆಗೆದುಕೊಂಡರು. ಮೂರನೆಯದಕ್ಕೆ ನಿಂಬೆಹಣ್ಣು ಮೂಗಿನ ಹತ್ತಿರ ಹೋಯಿತು. ಚಿಕ್ಕಪ್ಪನ ಕಣ್ಣು ಕನ್ನಡಿಯಲ್ಲೇ ಇತ್ತು. ನಾಲ್ಕು. ಐದು. ಕಾರು ನಿಲ್ಲಲಿಲ್ಲ. ಆರನೆಯ ತಿರುವಿನಲ್ಲಿ ಚಿಕ್ಕಮ್ಮ ಒಂದು ಕಣ್ಣು ತೆರೆದರು. ಆಮೇಲೆ ಎರಡನ್ನೂ ತೆರೆದರು.

"ಅಯ್ಯೋ! ಇಲ್ಲೊಂದು ಹಳ್ಳ ಐತಲ್ಲಾ!"

"ಐತೆ" ಎಂದರು ಚಿಕ್ಕಪ್ಪ.

"ಯಾವಾಗಿಂದ?"

"ನೀನ್ ಮದ್ವೆಯಾಗಿ ಬಂದಾಗಿಂದೂ ಐತೆ."

ಇಪ್ಪತ್ತಾರು ವರ್ಷದಿಂದ ಹೋಗಿ ಬಂದ ರಸ್ತೆ. ಚಿಕ್ಕಮ್ಮ ಅದನ್ನು ಒಂದು ಸಲವೂ ನೋಡಿರಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಚಿಕ್ಕ ಹುಡುಗಿಯ ಹಾಗೆ ಹೇಳುತ್ತಾ ಹೋದರು. ಅಗೋ ಅಲ್ಲಿ ನಾವು ಹುಲ್ಲು ಕೊಯ್ತಿದ್ದ ಗುಡ್ಡ, ಈ ಕಡೆಯಿಂದ ಹಿಂಗೆ ಕಾಣ್ತದಾ! ಬಿದಿರು ನೋಡು, ಬಂಡೆ ನೋಡು! ನಿಂಬೆಹಣ್ಣುಗಳು ಮಡಿಲಿಂದ ಉರುಳಿ ನನ್ನ ಕಾಲ ಬಳಿ ಬಂದವು. "ಏನು ಬರೀಲಿ ಚಿಕ್ಕಪ್ಪ?" ಎಂದು ಮೆಲ್ಲಗೆ ಕೇಳಿದೆ. "ಏನೂ ಬ್ಯಾಡ, ಮುಚ್ಚಿಡ್ಲಾ" ಎಂದರು.

ಗುಣ ಮಾಡಿದ್ದು ಆ ಕೆಂಪು ಸ್ಪ್ರಿಂಗುಗಳೋ, ಇಲ್ಲ ಹದಿನಾಲ್ಕು ಹಂಪುಗಳ ಬಳಿ ಇಳಿದು ಗಾಳಿಗೆ ನಡೆದದ್ದೋ, ನನಗೆ ಇವತ್ತಿಗೂ ಅನುಮಾನವಿದೆ. ಚಿಕ್ಕಪ್ಪನ ಮುಂದೆ ಮಾತ್ರ ಹೇಳುವುದಿಲ್ಲ.

ಚಿಕ್ಕಮ್ಮ ಕಾರಿನಿಂದ ತಾವಾಗಿ ಇಳಿದು, ತಾವಾಗಿ ನಡೆದು ಚಪ್ಪರದೊಳಗೆ ಹೋದರು. ಅವರ ಅಣ್ಣ ಚಾಪೆ ಹಿಡಿದುಕೊಂಡು ಓಡಿ ಬಂದವನು ಚಾಪೆಯ ಸಮೇತ ನಿಂತುಬಿಟ್ಟ. ಮದುವೆ ಹೆಣ್ಣಿನ ಎರಡು ಕೆನ್ನೆಗೆ ಮೊದಲ ಅರಿಶಿನ ಸೋದರತ್ತೆಯದೇ ಬಿತ್ತು. ಚಿಕ್ಕಪ್ಪ ಕಂಬಕ್ಕೆ ಒರಗಿ ನೋಡುತ್ತಿದ್ದರು. ಕ್ಯಾಲಿಪರ್ ಜೇಬಿನಲ್ಲೇ ಇತ್ತು.

ಅರಿಶಿನದ ಕೈಯಲ್ಲೇ ಚಿಕ್ಕಮ್ಮ ಅವರ ಹತ್ತಿರ ಬಂದು ಹೇಳಿದರು, "ವಾಪಸ್ ಹೋಗ್ವಾಗ ನಾನ್ ಬಲಗಡೆ ಕಿಟಕೀಲಿ ಕೂತ್ಕತೀನಿ. ಹಳ್ಳದ ಕಡೆಯೆಲ್ಲ ಇನ್ನೊಂದ್ ಸಲ ನೋಡ್ಬೇಕು."

ಚಿಕ್ಕಪ್ಪನ ಮುಖ ಕಪ್ಪಿಟ್ಟಿತು. "ಬಲಗಡೆ ನಾನ್ ಅಳ್ದೇ ಇಲ್ವಲ್ಲಾ!" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಎಲ್ಲರೂ ಊಟದ ಪಂಕ್ತಿಗೆ ಕೂತಾಗ ಚಿಕ್ಕಪ್ಪನ ಎಲೆಯ ಮುಂದೆ ಜಾಗ ಖಾಲಿ ಇತ್ತು. ಹುಡುಕಿಕೊಂಡು ಹೊರಗೆ ಬಂದೆ. ಅವರು ಮದುವೆಮನೆಯ ಒಂದು ಚೊಂಬಿನ ತುಂಬ ನೀರು ಹಿಡಿದುಕೊಂಡು, ಒಂದು ಹನಿಯೂ ಚೆಲ್ಲದ ಹಾಗೆ, ಮೆಲ್ಲಗೆ ಕಾರಿನ ಕಡೆ ನಡೆಯುತ್ತಿದ್ದರು. ನಾನು ಓಡಿ ಹೋಗಿ ಬಲಗಡೆಯ ಬಾಗಿಲು ತೆರೆದು ಹಿಡಿದೆ.